ಕಥಾಪಾತ್ರಗಳ ಹೊಟ್ಟೆಪಾಡು

ಕೇಳುಗರಿಗೆ ನಮಸ್ಕಾರ. ಸಮಕಾಲೀನ ಕನ್ನಡ ಕತೆ, ಕಾದಂಬರಿಗಳಲ್ಲಿ ನನ್ನ ಅಭಿರುಚಿ ಮತ್ತು ಓದಿನ ಅಭ್ಯಾಸಗಳ ಬಗ್ಗೆ ನಾಲ್ಕು ಮಾತು.

ಹೊಸ ಕಾದಂಬರಿಯೊಂದು ಕೈಗೆ ಬಂದಾಗ, ಅದರೊಳಗಿನ ಮನುಷ್ಯರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂಬುದನ್ನು ನಾನು ಮೊದಲು ಹುಡುಕುತ್ತೇನೆ. ಅವರ ಪ್ರೇಮ, ವಿರಹ, ಮನಸ್ಸಿನ ತೊಳಲಾಟಗಳೆಲ್ಲ ಆಮೇಲಿನವು. ನಾಯಕ ಯಾವುದೋ ಕಂಪನಿಯಲ್ಲಿ ಕೆಲಸಕ್ಕಿದ್ದ ಎಂದಷ್ಟೇ ಹೇಳಿ, ಆ ಕಂಪನಿ ಏನು ತಯಾರಿಸುತ್ತದೆ, ಅವನ ಮೇಲಧಿಕಾರಿ ಎಂಥವನು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಸುಳಿವನ್ನೂ ಕೊಡದೆ, ಪುಟಗಟ್ಟಲೆ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಚಿಂತಿಸಲು ಬಿಡುವ ಲೇಖಕರಲ್ಲಿ ನನಗೆ ನಂಬಿಕೆ ಹುಟ್ಟುವುದಿಲ್ಲ. ಈ ಅಭಿರುಚಿ ಮುಂಬಯಿಯಿಂದಲೇ ಬಂದದ್ದಿರಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಊರಿದು. ಹೊಸದಾಗಿ ಪರಿಚಯವಾದವರು ಊರು ಯಾವುದೆಂದು ಕೇಳಿದ ಬೆನ್ನಲ್ಲೇ ಕೆಲಸ ಎಲ್ಲಿ ಎಂದು ಕೇಳುವುದು ಇಲ್ಲಿನ ರೂಢಿ.

1979ರಲ್ಲಿ ಪ್ರಕಟವಾದ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಸಮಕಾಲೀನ ಕಾದಂಬರಿಯೆನ್ನಬಹುದೇ ಎಂದು ಯಾರಾದರೂ ಆಕ್ಷೇಪಿಸಿದರೆ, ಹೌದೆಂದೇ ನನ್ನ ಉತ್ತರ. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆನಿಂತು, ಸ್ವತಃ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಕಚೇರಿಯೆಂಬ ಕಾಡಿನ ಒಳದಾರಿಗಳು ಗೊತ್ತಿದ್ದವು. ತನ್ನ ಮೇಲಿನ ಆರೋಪವೇನೆಂದೇ ತಿಳಿಯದೆ ವಿಚಾರಣೆಗೆ ಸಿಕ್ಕಿಕೊಳ್ಳುವ ಆ ಕಾದಂಬರಿಯ ನಾಯಕ ನಾಗಪ್ಪನ ಭಯವನ್ನು, ಇಂದು ಮಾನವ ಸಂಪನ್ಮೂಲ ವಿಭಾಗದಿಂದ ಬರುವ ನಾಲ್ಕು ಸಾಲಿನ ಮಿಂಚಂಚೆಗೆ ಬೆವರುವ ಯಾವ ನೌಕರನೂ ಗುರುತಿಸಬಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಇದೇ ನಗರದ ಇನ್ನೊಂದು ಅಂತಸ್ತು ಕಾಣುತ್ತದೆ. ‘ಒಪೆರಾ ಹೌಸ್’ ಕತೆಯಲ್ಲಿ ಆಟ ಮುಗಿದ ಮೇಲೆ ಚಿತ್ರಮಂದಿರ ಗುಡಿಸುವವನ ಕಣ್ಣಿಗೆ ಯಾರೋ ಮರೆತು ಹೋದ ಫ್ಲಾಸ್ಕು ಬೀಳುತ್ತದೆ. ಗುಡಿಸುವುದೇ ಅವನ ಕೆಲಸವಾದ್ದರಿಂದ ಕತೆಗೆ ಆ ಫ್ಲಾಸ್ಕು ಸಹಜವಾಗಿ ದಕ್ಕುತ್ತದೆ, ಎಲ್ಲಿಂದಲೋ ತಂದಿಟ್ಟ ಸಂಕೇತವೆನಿಸುವುದಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಡೆಯುವುದು ಬೆಂಗಳೂರಿನಲ್ಲಿ. ಆದರೂ ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕಗಳಲ್ಲಿ ಅದೊಂದು. ಚಹಾಪುಡಿ ಮಾರುವ ಅಪ್ಪ ಸಂಜೆ ಮನೆಗೆ ಬಂದು ಲೆಕ್ಕ ತಾಳೆ ಹಾಕುವಾಗ ಇಡೀ ಕುಟುಂಬ ಅದರಲ್ಲಿ ಪಾಲುಗೊಳ್ಳುವ ಭಾಗವನ್ನು ಓದಿದವರಿಗೆ, ಮುಂದೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಹಣ ಹರಿದು ಬಂದಾಗ ಆ ಮನೆ ಏನನ್ನು ಕಳೆದುಕೊಂಡಿತೆಂದು ಬೇರೆ ವಿವರಿಸಬೇಕಾಗಿಲ್ಲ. ದುಡ್ಡು ಮನುಷ್ಯರನ್ನು ಕೆಡಿಸುತ್ತದೆಂಬ ಉಪದೇಶಕ್ಕೆ ಲೇಖಕರು ಇಳಿಯುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಸಂಬಳವಿಲ್ಲದ ದುಡಿಮೆಯ ಮಾತನ್ನೂ ಆಡಬೇಕು. ಬಾನು ಮುಷ್ತಾಕ್ ಅವರ ಕತೆಗಳ ಹೆಂಗಸರು ಹೆರುವುದು, ಹೊರುವುದು, ಬೇಯಿಸುವುದು, ಸಹಿಸುವುದು ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗದ ಕೆಲಸ; ಅದನ್ನು ಕೆಲಸವೆಂದೇ ಬರೆದದ್ದು ಆ ಕತೆಗಳ ಬಲವೆಂದು ನನ್ನ ಎಣಿಕೆ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಆ ಕತೆಗಳಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನನ್ನ ಮರಾಠಿ ಸಹೋದ್ಯೋಗಿಗಳು ಕುತೂಹಲದಿಂದ ವಿಚಾರಿಸಿದರು. ಪುಣೆಯ ಉಮಾ ಕುಲಕರ್ಣಿಯವರ ಅನುವಾದಗಳಲ್ಲಿ ಭೈರಪ್ಪನವರನ್ನು ಓದಿಕೊಂಡಿರುವ ಅವರಿಗೆ ಕನ್ನಡ ಕಾದಂಬರಿ ಹೊಸತಲ್ಲ. ಕೆಲವರಂತೂ ಭೈರಪ್ಪನವರು ತಮ್ಮವರೇ ಎಂಬಂತೆ ನನ್ನೊಡನೆ ವಾದಕ್ಕಿಳಿಯುತ್ತಾರೆ.

ಇನ್ನು ಓದುವ ಅಭ್ಯಾಸದ ಮಾತು. ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವಾಗ ಕೈ ಎತ್ತಲೂ ಜಾಗವಿರುವುದಿಲ್ಲವಾದ್ದರಿಂದ ಓದೆಲ್ಲ ಸಂಜೆಯದು. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದಿಂದಲೇ ಹೊರಡುವ ಸ್ಲೋ ಗಾಡಿಯನ್ನು ಬೇಕೆಂದೇ ಹಿಡಿದರೆ ಕೂರಲು ಜಾಗ ಸಿಗುತ್ತದೆ, ಒಂದು ನೀಳ್ಗತೆ ಮುಗಿಯುವಷ್ಟು ಹೊತ್ತೂ ಸಿಗುತ್ತದೆ. ಕಾದಂಬರಿಗಳನ್ನು ಭಾನುವಾರಕ್ಕೆ ಎತ್ತಿಡುತ್ತೇನೆ. ಮುನ್ನುಡಿಯನ್ನು ಕೊನೆಗೆ ಓದುತ್ತೇನೆ, ಏಕೆಂದರೆ ನಮ್ಮ ಮುನ್ನುಡಿಕಾರರಲ್ಲಿ ಹಲವರು ಲೇಖಕರ ಬೆನ್ನು ತಟ್ಟುವ ಉತ್ಸಾಹದಲ್ಲಿ ಕತೆಯ ಕೊನೆಯನ್ನು ಎರಡನೆಯ ಪುಟದಲ್ಲೇ ಬಿಟ್ಟುಕೊಡುತ್ತಾರೆ. ಐವತ್ತು ಪುಟ ದಾಟಿದರೂ ಹಿಡಿಸದ ಪುಸ್ತಕವನ್ನು ಸಂಕೋಚವಿಲ್ಲದೆ ಕೆಳಗಿಡುತ್ತೇನೆ. ದೀರ್ಘವಾದ ಕನಸುಗಳಿರುವ ಅಧ್ಯಾಯಗಳನ್ನು ಹಾರಿಸುತ್ತೇನೆ.

ಹೊಸಬರ ಬರವಣಿಗೆಯಲ್ಲಿ ನನಗೊಂದು ಕೊರತೆ ಕಾಣುತ್ತದೆ. ಸಾಫ್ಟ್‌ವೇರ್ ಕಂಪನಿಗಳನ್ನು ಕುರಿತ ಹಲವು ಕತೆಗಳು ಅಲ್ಲಿನ ಕಾಫಿ ಯಂತ್ರ, ಕ್ಯಾಬು, ವಿದೇಶ ಪ್ರವಾಸಗಳನ್ನು ಚೆನ್ನಾಗಿ ವರ್ಣಿಸುತ್ತವೆ, ಆದರೆ ಪರದೆಯ ಮುಂದೆ ಕುಳಿತವರು ದಿನವಿಡೀ ನಿಜವಾಗಿ ಏನು ಮಾಡುತ್ತಾರೆ, ಅದು ತಪ್ಪಾದರೆ ಯಾರ ತಲೆಯ ಮೇಲೆ ಬರುತ್ತದೆ ಎಂಬಲ್ಲಿಗೆ ಬಂದಾಗ ಮೌನವಾಗುತ್ತವೆ. ಹಾಗೆಯೇ ಮುಂಬಯಿಯ ಉಡುಪಿ ಹೋಟೆಲನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನೋಡಿದ ಇತ್ತೀಚಿನ ಕಾದಂಬರಿಯೊಂದಕ್ಕಾಗಿ ನಾನು ಕಾಯುತ್ತಿದ್ದೇನೆ. ಊರಿಂದ ಬಂದ ಹುಡುಗನ ಕಣ್ಣೀರು ನಮಗೆ ಸಾಕಷ್ಟು ಸಿಕ್ಕಿದೆ. ಬಾಡಿಗೆಯ ಕರಾರು, ಪರವಾನಗಿಯ ಓಡಾಟ, ಈರುಳ್ಳಿಯ ಬೆಲೆ, ಅಡುಗೆಭಟ್ಟರು ಹೇಳದೆ ಕೇಳದೆ ಕೆಲಸ ಬಿಟ್ಟ ದಿನದ ಪಾಡು, ಹೋಟೆಲು ತನಗೆ ಬೇಡವೆನ್ನುವ ಮಗನ ಜೊತೆಗಿನ ಜಗಳ, ಇವನ್ನೆಲ್ಲ ಬಲ್ಲವರು ಯಾರಾದರೂ ಬರೆಯಬೇಕು.