ಬಲ್ಬ್ ಹೊಸದು, ಬೆಳಕು ಮಾತ್ರ ಹಳೆಯದೇ

ಕೇಳುಗರಿಗೆ ನಮಸ್ಕಾರ. ಕಾರಿನ ಹೆಡ್‌ಲೈಟ್ ಮಂಕಾಗಿತ್ತು. ಬಲ್ಬ್ ಬದಲಾಯಿಸಿದಿರಿ. ಆದರೂ ಮಂಕು. ಈಗ ಇನ್ನೂ ಜೋರಾದ ಬಲ್ಬ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳಿಗೆ ಹೊರಟಿದ್ದೀರಿ, ಅಲ್ವಾ? ದಯವಿಟ್ಟು ನಿಲ್ಲಿ. ಮೊದಲು ಅರ್ಥಿಂಗ್, ಅಂದರೆ ಬಲ್ಬಿನ ವೈರು ಕಾರಿನ ತಗಡಿಗೆ ಸೇರುವ ಜಾಗ, ನೋಡಿ. ಇವತ್ತು ನಾನು ಹೇಳುವುದು ಇದೊಂದೇ.

ಬ್ಯಾಟರಿಯಿಂದ ಬಲ್ಬಿಗೆ ಹೋದ ಕರೆಂಟು ವಾಪಸ್ ಬರಲೇಬೇಕು. ಕಾರಿನಲ್ಲಿ ಅದು ಬರುವುದು ಬಾಡಿಯ ತಗಡಿನ ಮೂಲಕ. ಹೆಡ್‌ಲೈಟಿನ ಹಿಂದಿನಿಂದ ಒಂದು ವೈರು, ಸಾಮಾನ್ಯವಾಗಿ ಕಪ್ಪು ಬಣ್ಣದ್ದು, ಬಂದು ಬಾಡಿಯ ತಗಡಿಗೆ ಬೋಲ್ಟ್ ಆಗಿರುತ್ತದೆ. ಆ ಜಾಗಕ್ಕೆ ತುಕ್ಕು ಹಿಡಿದರೆ ಬಲ್ಬಿಗೆ ಸಿಗಬೇಕಾದ ವೋಲ್ಟೇಜನ್ನು ಅದೇ ನುಂಗುತ್ತದೆ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ಪಾಪ, ಹೊಸ ಬಲ್ಬ್ ಏನು ಮಾಡೀತು?

ಬನಶಂಕರಿಯ ಕಡೆಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ನಮ್ಮ ಗ್ಯಾರೇಜಿಗೆ ಬಂದಿದ್ದರು. ಕನಕಪುರದ ಹತ್ತಿರ ಅವರದೊಂದು ತೋಟ. "ರಾತ್ರಿ ವಾಪಸ್ ಬರುವಾಗ ರಸ್ತೆಯ ಹಂಪೇ ಕಾಣಲ್ಲ ಕಣಪ್ಪಾ" ಎಂದರು. ಮೊದಲು ಮಾಮೂಲಿ ಬಲ್ಬ್ ಹಾಕಿಸಿದ್ದರಂತೆ. ಆಮೇಲೆ ನೀಲಿ ಗಾಜಿನದು. ಅದು ನೋಡಲು ಚೆಂದ, ಬೆಳಕು ಇನ್ನೂ ಕಮ್ಮಿ. ಕೊನೆಗೆ ಯಾರದೋ ಮಾತು ಕೇಳಿ 60/55 ವ್ಯಾಟ್ (ಬ್ರೈಟ್‌ಗೆ 60, ಡಿಮ್‌ಗೆ 55) ಇರಬೇಕಾದ ಕಡೆ 100/90 ಹಾಕಿಸಿದ್ದಾರೆ. ಹೋಲ್ಡರಿನ ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬರುತ್ತಿತ್ತು. ಆದರೂ ಅವರ ವಾದ ಒಂದೇ: "ಅಂಗಡಿಯವನು ಡೂಪ್ಲಿಕೇಟ್ ಬಲ್ಬ್ ಕೊಟ್ಟಿದ್ದಾನೆ."

"ಯಾವಾಗಿನಿಂದ ಹೀಗೆ, ಸಾರ್?" ಎಂದು ಕೇಳಿದೆ. ತೆಂಗಿನಕಾಯಿ ರೇಟು, ಮಗಳ ಮನೆ, ನೈಸ್ ರಸ್ತೆಯ ಟೋಲು ಎಲ್ಲವೂ ಬಂತು. ಎರಡು ಕಾಫಿ ಆದ ಮೇಲೆ ನಿಜ ಸಂಗತಿ ಬಂತು. ಕಾರಿನ ಮುಂಭಾಗಕ್ಕೆ ಆಟೋ ತಗುಲಿತ್ತು, ಟಿಂಕರಿಂಗ್ ಪೇಂಟಿಂಗ್ ಮಾಡಿಸಿದ್ದರು! ಬಾನೆಟ್ ಎತ್ತಿ ನೋಡಿದರೆ ಪೇಂಟರ್ ಬಹಳ ಶ್ರದ್ಧೆಯಿಂದ ಅರ್ಥಿಂಗ್ ಜಾಗಕ್ಕೂ ಬಣ್ಣ ಹೊಡೆದಿದ್ದಾನೆ. ಅದರ ಮೇಲೇ ವೈರು ಬಿಗಿದಿದ್ದಾರೆ. ಪೇಂಟಿನ ಮೂಲಕ ಕರೆಂಟು ಹರಿಯುತ್ತದೆಯೇ ಸ್ವಾಮಿ?

ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಲ್ಬಿನ ಕಪ್ಪು ವೈರಿನ ಪಿನ್ನಿಗೆ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟೂ ಜಾಸ್ತಿಯೇ. ಅಲ್ಲಿ ಹೆಚ್ಚುಕಡಿಮೆ 2 ವೋಲ್ಟ್ ಇತ್ತು! ಸ್ಯಾಂಡ್ ಪೇಪರಿನಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಹೋಲ್ಡರ್ ಬದಲಿಸಿ, ಮತ್ತೆ 60/55 ಬಲ್ಬನ್ನೇ ಹಾಕಿದೆ. ಎದುರಿನ ಕಾಂಪೌಂಡ್ ಗೋಡೆ ಬೆಳಗಿತು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಆ ಬಲ್ಬುಗಳ ದುಡ್ಡು ವಾಪಸ್ ಕೊಡ್ತಾನೇನಪ್ಪಾ?"

ಕಥೆಗೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಒಂದೇ ಕಡೆ ಮಂಕಾಗಿದ್ದರೆ ಆ ಕಡೆಯ ಅರ್ಥಿಂಗ್ ನೋಡಿ. ಡಿಮ್ ಹಾಕಿದಾಗಲೂ ಡ್ಯಾಶ್‌ಬೋರ್ಡಿನ ಬ್ರೈಟ್ ತೋರಿಸುವ ನೀಲಿ ದೀಪ ಸಣ್ಣಗೆ ಉರಿಯುತ್ತಿದ್ದರೆ ಆಗಲೂ ಅರ್ಥಿಂಗ್ ನೋಡಿ. ಎರಡೂ ಕಡೆ ಮಂಕಾಗಿದ್ದು ಅರ್ಥಿಂಗ್ ಸರಿಯಿದ್ದರೆ ಪ್ಲಸ್ ಕಡೆಯ ವೈರನ್ನೂ ಹೀಗೇ ಅಳೆಯಿರಿ. ರಿಲೇ, ಅಂದರೆ ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟು ಬಿಡುವ ಸ್ವಿಚ್ಚು, ಇಲ್ಲದ ಹಳೆಯ ಕಾರಾದರೆ ಎಲೆಕ್ಟ್ರಿಷಿಯನ್ ಹತ್ತಿರ ರಿಲೇ ಹಾಕಿಸಿ. ಬಲ್ಬ್ ಓರೆಯಾಗಿ ಕೂತಿದ್ದರೆ ಬೆಳಕು ರಸ್ತೆಗೆ ಬೀಳದೆ ಮರದ ಮೇಲೆ ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ. ಹಳದಿಯಾದ ಹೆಡ್‌ಲೈಟ್ ಕವರಿಗೆ ಪಾಲಿಶ್ ಮಾಡಿಸಿ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿನಲ್ಲಿ ಕಾರು ಓಡಿಸಿದ್ದರಂತೂ ಈ ಭಾನುವಾರವೇ ಬಾನೆಟ್ ಎತ್ತಿ, ಆ ಕಪ್ಪು ವೈರಿನ ಬೋಲ್ಟ್ ಎಲ್ಲಿದೆ ಹುಡುಕಿ. ನಮಸ್ಕಾರ.