ಮುಂಗುಸಿ ಬಂದ ಮೇಲೆ ಕೋಳಿಗೂಡಿಗೆ ಹೊಸ ಜಾಲರಿ

ಚಿತ್ರದುರ್ಗದಿಂದ ನಮಸ್ಕಾರ. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ರಪರಪ ಬೀಸುತ್ತಿದೆ, ಮೈಕಿಗೆ ಬಟ್ಟೆ ಸುತ್ತಿದ್ದೇನೆ. ಹಳೆಯ ಜಾಲರಿ ಕೀಳುವುದು ಕಾಣುತ್ತಲೇ ಇದೆಯಲ್ಲ, ಅದನ್ನು ಬಾಯಲ್ಲಿ ಹೇಳುವುದಿಲ್ಲ.

ಈ ಮೂಲೆ ನೋಡಿ. ತೆಳು ತಂತಿ ಹಿಗ್ಗಿ ಬಾಯಿ ಬಿಟ್ಟಿದೆ, ತುದಿಗೆ ಬೂದು ಕೂದಲು ಸಿಕ್ಕಿಕೊಂಡಿದೆ. ಮುಂಗುಸಿಯದೇ. ಕಾಡುಬೆಕ್ಕಾಗಿದ್ದರೆ ರಾತ್ರಿ ಬಂದು ಕೋಳಿಯನ್ನೇ ಹೊತ್ತೊಯ್ಯುತ್ತಿತ್ತು. ಇದು ಹಾಡಹಗಲೇ ಬಂದು ಹ್ಯಾಟೆಯ ಕುತ್ತಿಗೆ ಕಚ್ಚಿ ಅಲ್ಲೇ ಬಿಟ್ಟು ಹೋಗಿದೆ.

ಇನ್ನು ಜಾಲರಿಯ ಕಥೆ. ಪೇಟೆಯಲ್ಲಿ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಕೇಳಿದೆ. "ಕೋಳಿಗೆ ತಾನೇ ಮೇಡಂ, ಇದು ಸಾಕು" ಎಂದು ಅಂಗಡಿಯವರು ಮತ್ತೆ ಅದೇ ತೆಳು ಜಾಲರಿ ಎಳೆದು ಹಾಕಿದರು. ಕೋಳಿ ಹೊರಗೆ ಹೋಗದಿರಲು ಅದು ಸಾಕು ಸ್ವಾಮಿ, ಮುಂಗುಸಿ ಒಳಗೆ ಬಾರದಿರಲು ಸಾಲದು ಎಂದರೆ ನಗುತ್ತಾರೆ. ಕೊನೆಗೆ ಒಳಗಿನಿಂದ ತಂದರು, ಅಡಿಗೆ 60 ರೂಪಾಯಿ. ಕತ್ತರಿಸಿ ಕೊಡುವುದಿಲ್ಲವಂತೆ, 50 ಅಡಿಯ ಸುರುಳಿಯನ್ನೇ ಒಯ್ಯಬೇಕಂತೆ. 3,000 ರೂಪಾಯಿ! ನನಗೆ ಬೇಕಿದ್ದುದು 30 ಅಡಿ. ಆ ದುಡ್ಡಿಗೆ ಎಷ್ಟು ನಾಟಿ ಕೋಳಿ ಬರುತ್ತವೆ ಎಂದು ಲೆಕ್ಕ ಹಾಕುತ್ತ ಬಸ್ ಹತ್ತಿದರೆ, ಕಂಡಕ್ಟರ್ ಸುರುಳಿಗೂ ಲಗೇಜ್ ಟಿಕೆಟ್ ಹರಿದರು. ಮಿಕ್ಕ 20 ಅಡಿಯನ್ನು ಪಕ್ಕದ ಮನೆಯ ದೊಡ್ಡಮ್ಮನ ತಲೆಗೆ ಕಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.

ಹಾಂ, ಗುಂಡಿ. ಜಾಲರಿ ಒಂದು ಅಡಿ ಮಣ್ಣೊಳಗೆ ಇಳಿದು ಹೊರಕ್ಕೆ ಮಡಚಿರಬೇಕು. ಬಗೆಯುವ ಪ್ರಾಣಿ ಗೂಡಿನ ಬುಡದಲ್ಲೇ ಬಗೆಯುತ್ತದೆ, ಅಲ್ಲಿ ತಂತಿ ಅಡ್ಡ ಬರುತ್ತದೆ.

ವಿಷ ಇಡು, ಉರುಲು ಹಾಕು ಎನ್ನುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಂಗುಸಿಗೂ ಇದೆ. ಹ್ಯಾಟೆ ಸತ್ತ ದಿನ ಅದರ ವಂಶಕ್ಕೇ ಶಾಪ ಹಾಕಿದ್ದೆ. ಆದರೆ ಶೇಂಗಾ ಹೊಲದ ಇಲಿ ಹಿಡಿಯುವವರು ಯಾರು? ಇರಲಿ ಬಿಡಿ, ಹೊಲದಲ್ಲೇ ಇರಲಿ.

ಕೋಳಿ ತಳಿಗಳಲ್ಲಿ ಗಿರಿರಾಜನನ್ನೇ ಸಾಕಿ ಎನ್ನುತ್ತಿದ್ದವಳು ನಾನು. ಹಿತ್ತಲಿಗೆ ಈಗ ಸ್ವರ್ಣಧಾರ ತಳಿಯೇ ಮೇಲೆನಿಸುತ್ತಿದೆ. ಮೈ ಹಗುರ, ಬೆಕ್ಕು ನರಿ ಬಂದರೆ ತಪ್ಪಿಸಿಕೊಳ್ಳುತ್ತದೆ. ಕೋಳಿ ಸಾರಿಗೆ ಮಾತ್ರ ಗಿರಿರಾಜ, ಆ ಮಾತಿನಲ್ಲಿ ಬದಲಿಲ್ಲ.

ಏಯ್, ಇಳಿ! ಹುಂಜ ಸುರುಳಿಯ ಮೇಲೆ ಹತ್ತಿದೆ. ಬೆಳಕು ಹೋಗುತ್ತಿದೆ, ಬಾಗಿಲಿನ ಕೆಳಗಿನ ಸಂದಿಗೆ ಹಲಗೆ ಹೊಡೆಯುವುದು ಬಾಕಿ. ತಲೆ ತೂರುವಷ್ಟು ಜಾಗವಿದ್ದರೂ ಮುಂಗುಸಿ ನುಗ್ಗುತ್ತದೆ. ಮೊಳೆ ಹೊಡೆಯಲು ಎರಡೂ ಕೈ ಬೇಕು, ಕ್ಯಾಮೆರಾ ನಿಲ್ಲಿಸುತ್ತೇನೆ.