ಬಿಸಿಲೂರಿನಲ್ಲಿ ಮೊದಲ ಗೇಮಿಂಗ್ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದ ಮೇಲೆ ರಾಯಚೂರಿನ ಕಂಪ್ಯೂಟರ್ ಅಂಗಡಿಗಳಿಗೆ ಜೋಡಿ ಗಿರಾಕಿಗಳು ಬರತೊಡಗುತ್ತಾರೆ. ಒಬ್ಬ ಹುಡುಗ, ಪಕ್ಕದಲ್ಲಿ ಅವನ ಅಪ್ಪ. ಹುಡುಗನ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಬರೆದುಕೊಂಡ ಬಿಡಿಭಾಗಗಳ ಪಟ್ಟಿ. ಅಪ್ಪನ ಲೆಕ್ಕದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಿಗೆ, ಮಗನ ಲೆಕ್ಕದಲ್ಲಿ ಆಟಕ್ಕೆ. ಇಬ್ಬರೂ ಜಗಳ ಆಡಬೇಕಿಲ್ಲ, ಒಂದೇ ಕಂಪ್ಯೂಟರ್ ಎರಡನ್ನೂ ನಿಭಾಯಿಸುತ್ತದೆ.

ತಕರಾರು ಇರುವುದು ಆ ಪಟ್ಟಿಯಲ್ಲಿ. ಅದನ್ನು ಮಾಡಿದವರು ಬಹುಶಃ ಎಸಿ ಕೋಣೆಯಲ್ಲಿ ಕೂತಿದ್ದರು. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇದ್ದರೂ ಮನೆಯ ಟ್ಯೂಬ್‌ಲೈಟ್ ಮಿಣುಕುವುದು ಮಿಣುಕುತ್ತದೆ. ಹಾಗಾಗಿ ನನ್ನನ್ನು ಕೇಳಿದರೆ, ನಮ್ಮ ಕಡೆ ದುಡ್ಡು ಮೊದಲು ಕರೆಂಟಿಗೆ ಮತ್ತು ಗಾಳಿಗೆ ಹೋಗಬೇಕು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದು ವರ್ಷ ತಡವಾಗಿ ಬಂದರೂ ನಡೆಯುತ್ತದೆ.

ಎಸ್‌ಎಂಪಿಎಸ್‌ನಿಂದ ಶುರು ಮಾಡೋಣ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ ಅದು. "ಕ್ಯಾಬಿನೆಟ್ ಜೋಡಿನೇ ಒಂದು ಬರ್ತದಲ್ರೀ, ಮತ್ಯಾಕ ಬ್ಯಾರೆ ರೊಕ್ಕ?" ಎಂದು ಅಪ್ಪಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಆ ಡಬ್ಬಿಯ ಮೈಮೇಲೆ ಅಂಟಿಸಿದ ಚೀಟಿಯಲ್ಲೇ ಇದೆ. ದೊಡ್ಡ ಅಕ್ಷರದಲ್ಲಿ 450 ಎಂದು ಬರೆದಿರುತ್ತದೆ. ಅದನ್ನು ಬಿಡಿ, ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎಂಬ ಸಾಲು ಹುಡುಕಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ. 192 ವ್ಯಾಟ್ ಬರುತ್ತದೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದಲೇ. ಒಳ್ಳೆಯ ಕಂಪನಿಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಲೆಕ್ಕ 400ರ ಮೇಲೆಯೇ ನಿಲ್ಲುತ್ತದೆ.

ಅದೇ ಚೀಟಿಯಲ್ಲಿ ಇನ್ನೊಂದು ಸಾಲು ನೋಡಿ, ಇನ್‌ಪುಟ್ ಎಂದಿರುತ್ತದೆ. 100ರಿಂದ 240 ವೋಲ್ಟ್ ಎಂದು ಬರೆದದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೂ ಅದು ಸುಮ್ನೆ ಕೆಲಸ ಮಾಡುತ್ತಿರುತ್ತದೆ. ಹಿಂಭಾಗದಲ್ಲಿ 115, 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ ಕಂಡರೆ ಅದು ಹಳೇ ಕಾಲದ ವಿನ್ಯಾಸ, ಬೇಡ ಅನ್ನಿ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಮನೆಯ ಪ್ಲಗ್ಗಿನಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರ್ ಇರುವುದಿಲ್ಲ. ಕಂಪ್ಯೂಟರ್ ಮನೆಗೆ ತರುವ ಮುಂಚೆ ಎಲೆಕ್ಟ್ರೀಷಿಯನ್‌ಗೆ ಹೇಳಿ ಆ ಒಂದು ಪಾಯಿಂಟನ್ನಾದರೂ ಸರಿ ಮಾಡಿಸಿ. ಯುಪಿಎಸ್ ಕೊಳ್ಳುವುದಾದರೆ ಮುಂದೆ ಕಾರ್ಡ್ ಬರುತ್ತದೆ ಎಂದು ಲೆಕ್ಕ ಹಾಕಿ 1000 ವಿಎ ತಗೊಳ್ಳಿ. ಕರೆಂಟ್ ಹೋದಾಗ ಆಟ ಮುಂದುವರಿಸಲು ಅದು ಸಾಲದು. ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಕೊಡುತ್ತದೆ, ಅಷ್ಟು ಸಾಕು.

ಇನ್ನು ಗಾಳಿ. ಫ್ಯಾನ್ ಎಷ್ಟೇ ಜೋರಾಗಿ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಪ್ರೊಸೆಸರನ್ನು ಇಡಲು ಅದಕ್ಕಾಗುವುದಿಲ್ಲ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ 75ಕ್ಕೆ ನಿಲ್ಲುವ ಪ್ರೊಸೆಸರ್ ನಮ್ಮ 42 ಡಿಗ್ರಿಯಲ್ಲಿ ಸಲೀಸಾಗಿ 90 ಮುಟ್ಟುತ್ತದೆ. 95ರ ಹತ್ತಿರ ಬಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಆಟ ತಡವರಿಸತೊಡಗುತ್ತದೆ. ಆದ್ದರಿಂದ ಮುಂಭಾಗದಲ್ಲಿ ಗಾಜು ಹಾಕಿ, ಒಳಗೆ ಬಣ್ಣದ ದೀಪ ಮಿನುಗಿಸುವ ಕ್ಯಾಬಿನೆಟ್ ನೋಡಲು ಚೆಂದ, ಇಟ್ಟುಕೊಳ್ಳಲು ಕಷ್ಟ. ಮುಂದೆ ಜಾಲರಿ ಇರಲಿ, ಅದರ ಹಿಂದೆ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರಲಿ. ಒಳಗೆ ಗಾಳಿ ಎಳೆಯಲು ಎರಡು ಫ್ಯಾನ್, ಹೊರಗೆ ತಳ್ಳಲು ಒಂದು.

ಜಿನ್ನಿಂಗ್ ಮಿಲ್ ಹತ್ತಿರ ಮನೆ ಇದ್ದವರಿಗೆ ಗೊತ್ತು, ಹತ್ತಿ ಸುಗ್ಗಿಯಲ್ಲಿ ನೂಲಿನಂಥ ಎಳೆ ಎಲ್ಲೆಲ್ಲೂ ತೇಲುತ್ತದೆ. ಅದು ಪ್ರೊಸೆಸರ್ ಮೇಲಿನ ಕೂಲರ್ ಫ್ಯಾನ್ ಕೆಳಗೆ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ಆಗಾಗ ಬ್ಲೋವರ್ ಹಿಡಿಯಬೇಕು. ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ನಿಲ್ಲಿಸಿಕೊಳ್ಳಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿ ಅದರ ಬೇರಿಂಗ್ ಹೋಗುತ್ತದೆ. ಅಂದಹಾಗೆ, ನೀರಿನ ಕೂಲರಿನ ಎದುರಿಗೇ ಕಂಪ್ಯೂಟರ್ ಇಡಬೇಡಿ. ಒದ್ದೆ ಗಾಳಿಗೆ ಧೂಳು ಕೆಸರಾಗಿ ಅಂಟುತ್ತದೆ.

ಈಗ ಪ್ರೊಸೆಸರ್. ಮೊದಲ ವರ್ಷ ಕಾರ್ಡ್ ಇಲ್ಲದೆ ಆಡಬೇಕಾದರೆ ಗ್ರಾಫಿಕ್ಸ್ ಒಳಗೇ ಇರುವಂಥದ್ದು ಬೇಕು. ಎಎಂಡಿಯ ರೈಜನ್ 5 5600ಜಿ ಅಂಥದ್ದು. 2021ರಲ್ಲಿ ಬಂತು, ಆರು ಕೋರ್. ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ ಥರದ ಆಟ ಇದರಲ್ಲೇ ಓಡುತ್ತವೆ, ಜಿಟಿಎ ಫೈವ್ ಸೆಟ್ಟಿಂಗ್ ಇಳಿಸಿದರೆ ಅದೂ ಓಡುತ್ತದೆ. ಕೊನೆಯ ಆ ಜಿ ಅಕ್ಷರ ಮರೆಯಬೇಡಿ. ಅದಿಲ್ಲದ ಬರೀ 5600 ತಂದು ಕಾರ್ಡ್ ಇಲ್ಲದೆ ಜೋಡಿಸಿದರೆ ಮಾನಿಟರ್ ಕಪ್ಪಗೇ ಇರುತ್ತದೆ. ಇಂಟೆಲ್‌ನಲ್ಲಿ ಇದು ಉಲ್ಟಾ. ಐ3 12100ಎಫ್‌ನಲ್ಲಿ ಕೊನೆಯ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. 5600ಜಿ ಕೂರುವುದು ಮದರ್‌ಬೋರ್ಡಿನ, ಅಂದರೆ ಎಲ್ಲ ಭಾಗ ಜೋಡಿಸುವ ಮುಖ್ಯ ಹಲಗೆಯ, ಎಎಂ4 ಎಂಬ ಹಳೆಯ ಸಾಕೆಟ್ಟಿಗೆ. 2022ರಲ್ಲಿ ಎಎಂ5 ಬಂದಿದೆ, ಕೈ ಬಿಗಿ ಇಲ್ಲದವರು ಅದಕ್ಕೆ ಹೋಗಬಹುದು, ಮುಂದೆ ಪ್ರೊಸೆಸರ್ ಬದಲಿಸಲು ದಾರಿ ತೆರೆದಿರುತ್ತದೆ. ಆದರೆ ಅದಕ್ಕೆ, ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಮೆಮೊರಿಯಲ್ಲಿ ಹೊಸ ಪೀಳಿಗೆಯದಾದ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ.

ರ‍್ಯಾಮ್ ವಿಷಯದಲ್ಲಿ ಪಟ್ಟು ಹಿಡಿಯಿರಿ. 16 ಜಿಬಿಯ ಒಂದು ಸ್ಟಿಕ್ ಬದಲು 8ರ ಎರಡು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಸ್ಟಿಕ್ ಇದ್ದರೆ ಒಟ್ಟಿಗೆ ಎರಡರಿಂದಲೂ ಓದುತ್ತದೆ, ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಳೇ ವಿಡಿಯೋದ ರೇಟ್ ಹಿಡಿದು ಅಂಗಡಿಯವರ ಜೊತೆ ವಾದಕ್ಕೆ ಇಳಿಯಬೇಡಿ. ಆಟ, ಫೈಲು ಉಳಿಸಿಡುವ ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯದು ಇರಲಿ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದೇನಿಲ್ಲ.

ಕಾರ್ಡಿನ ಆಸೆಗೆ ಬಲಿಬೀಳುವುದು ಇಲ್ಲೇ. "4 ಜಿಬಿ ಕಾರ್ಡ್, ಕಡಿಮೆ ರೇಟ್" ಎಂದು ಜಿಟಿ 730 ತೋರಿಸುತ್ತಾರೆ. ಅದು 2014ರ ಕಾರ್ಡು. ಎಷ್ಟು ಜಿಬಿ ಎಂಬುದರಿಂದ ಕಾರ್ಡಿನ ತಾಕತ್ತು ತಿಳಿಯುವುದಿಲ್ಲ. 5600ಜಿ ಒಳಗಿನ ಗ್ರಾಫಿಕ್ಸೇ ಅದಕ್ಕಿಂತ ಮೇಲು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಕಾರ್ಡ್ ಬೇಡದ ಪದ್ಧತಿಗೆ ಬದಲಾದ ಮೇಲೆ ಮೈನಿಂಗ್‌ನಲ್ಲಿ, ಅಂದರೆ ಆ ನಾಣ್ಯ ಗಳಿಸುವ ಲೆಕ್ಕದ ಕೆಲಸದಲ್ಲಿ, ಹಗಲೂ ರಾತ್ರಿ ದುಡಿದ ಕಾರ್ಡುಗಳು ಪೇಟೆಗೆ ಬಂದವು. ಮಾರುವವರ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಹೊಸದಾದರೆ ಎಎಂಡಿ ಆರ್‌ಎಕ್ಸ್ 6600 ನನಗೆ ಮೆಚ್ಚು. 132 ವ್ಯಾಟ್ ಸಾಕು, ಹೆಚ್ಚು ಬಿಸಿಯಾಗುವುದಿಲ್ಲ. ಎಸ್‌ಎಂಪಿಎಸ್ ಸಣ್ಣದಿದ್ದವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಇದೆ, 70 ವ್ಯಾಟ್ ಅಷ್ಟೇ.

ಎಲ್ಲಿ ಕೊಳ್ಳುವುದು? ನಮ್ಮವರು ಬೆಳಗ್ಗೆ ರೈಲು ಹತ್ತಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುತ್ತಾರೆ, ಬೆಂಗಳೂರಿನ ಎಸ್‌ಪಿ ರೋಡ್‌ಗೂ ಹೋಗುತ್ತಾರೆ. ಆಯ್ಕೆ ಅಲ್ಲಿ ಜಾಸ್ತಿ, ನಿಜ. ಆದರೆ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ ಮಾತ್ರ ಊರಲ್ಲೇ ತಗೊಳ್ಳಿ ಎನ್ನುತ್ತೇನೆ. ಕೆಟ್ಟರೆ ವಾರಂಟಿಗೆ ಓಡಾಡುವುದು ಅಂಗಡಿಯವರ ಪಾಲಿಗೆ ಬರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಒಡೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಮುಂದಿನ ವರ್ಷ ಕಾರ್ಡ್ ಬಂದಾಗ ಒಂದು ನೆನಪಿರಲಿ. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನಿಂದ ಕಿತ್ತು ಕೆಳಗೆ ಕಾರ್ಡಿಗೆ ಚುಚ್ಚಬೇಕು. ಹಳೇ ಜಾಗದಲ್ಲೇ ಬಿಟ್ಟು, ಕಾರ್ಡ್ ಹಾಕಿದರೂ ಆಟ ಮುಂಚಿನಷ್ಟೇ ಓಡುತ್ತಿದೆ ಎಂದು ಅಂಗಡಿಗೆ ಹೊತ್ತು ತರುವವರು ಈಗಲೂ ಇದ್ದಾರೆ.

ನಮಸ್ಕಾರ.